ಮೊದಲ ಎಲೆ ಇಳಿಸುವ ಮುಂಚೆ

ಸ್ನೇಹಿತರೇ, ಬ್ರಿಜ್ ಇಸ್ಪೀಟಾಟದಲ್ಲಿ ಡಮ್ಮಿಯನ್ನು (ಡಿಕ್ಲೇರರ್‌ನ ಜೊತೆಗಾರರು ಮೇಜಿನ ಮೇಲೆ ಬಿಚ್ಚಿಡುವ ಕೈ) ನೋಡದೆ ಆಡಬೇಕಾದ ಎಲೆ ಒಂದೇ ಒಂದು. ಡಿಕ್ಲೇರರ್‌ನ, ಅಂದರೆ ಬಿಡ್ ಗೆದ್ದು ಆಡುವವರ, ಎಡಕ್ಕೆ ಕೂತವರಿಗೆ ಆ ಕಷ್ಟ. ಕಾಣುವುದು ಕೈಯಲ್ಲಿರುವ 13 ಎಲೆ, ಉಳಿದ 39 ಎಲ್ಲೋ ಇವೆ. ಹಾಗಾಗಿ ನಾವೆಲ್ಲ ಕೈಯನ್ನೇ ದಿಟ್ಟಿಸಿ ನೋಡುತ್ತೇವೆ. ಆದರೆ ಬೇಕಾದ ಸುಳಿವು ಕೈಯಲ್ಲಿರುವುದಕ್ಕಿಂತ ಜಾಸ್ತಿ ಬಿಡ್ಡಿಂಗ್‌ನಲ್ಲಿ, ಅಂದರೆ ಆಟಕ್ಕೆ ಮುಂಚಿನ ಹರಾಜು ಕೂಗಿನಲ್ಲಿ, ಇರುತ್ತದೆ.

ನನಗೇ ಆದದ್ದು ಹೇಳುತ್ತೇನೆ. ಬಲಗಡೆಯವರು ಒಂದು ಸ್ಪೇಡ್ ಅಂದರು. ಅವರ ಜೊತೆಗಾರರು ಒಂದು ನೋಟ್ರಂಪ್ (ತುರುಪಿಲ್ಲದ ಆಟ). ಮತ್ತೆ ಬಲಗಡೆಯವರು ಎರಡು ಹಾರ್ಟ್, ಎಲ್ಲರೂ ಪಾಸ್. ಹಾರ್ಟೇ ತುರುಪು. ನನ್ನ ಕೈಲಿ ಸ್ಪೇಡ್ ರಾಜ, ಜಾಕಿ, ಹತ್ತು, ಎಂಟು. ಹಾರ್ಟ್ ಮೂರು ಪುಡಿ ಎಲೆ. ಸುಮ್ನೆ ಒಂದು ಕ್ಲಬ್ ಇಳಿಸಿದೆ. ಡಮ್ಮಿ ಬಂತು: ಸ್ಪೇಡ್ ಒಂದೇ, ಹಾರ್ಟ್ ಮೂರು. ಡಿಕ್ಲೇರರ್ ಸ್ಪೇಡ್ ಎಕ್ಕ ಆಡಿದರು. ಆಮೇಲೆ ಮೂರು ಸಲ ಸ್ಪೇಡ್ ಆಡಿ ಮೂರಕ್ಕೂ ಡಮ್ಮಿಯಿಂದ ತುರುಪು ಹೊಡೆದರು. ನನ್ನ ಹತ್ತು, ಜಾಕಿ, ರಾಜ ಸಾಲಾಗಿ ಸತ್ತವು. ಸಾಲದ್ದಕ್ಕೆ ಅವರ ಐದನೇ ಸ್ಪೇಡೂ ಗೆಲ್ಲುವ ಎಲೆಯಾಯಿತು!

"ಡಮ್ಮಿಗೆ ಸ್ಪೇಡ್ ಬೇಡ ಅಂತ ಅವರೇ ಹೇಳಿದರಲ್ಲ, ಕೇಳಿಸಲಿಲ್ವಾ?" ಅಂದರು ನನ್ನ ಪಾರ್ಟ್ನರ್. ನಿಜ. ಎರಡು ಹಾರ್ಟ್‌ಗೆ ಪಾಸ್ ಅಂದರೆ ಅಲ್ಲಿ ಸ್ಪೇಡ್ ಕಮ್ಮಿ. ನನ್ನ ಹತ್ತಿರ ಸ್ಪೇಡ್ ಗಟ್ಟಿ. ಅಂಥ ಕಡೆ ಮೊದಲು ತುರುಪನ್ನೇ ಇಳಿಸಬೇಕು. ಆಟ ಕೈಗೆ ಬಂದಾಗೆಲ್ಲ ಇನ್ನೊಂದು ತುರುಪು. ಹಾಗೆ ಮಾಡಿದ್ದರೆ ಡಮ್ಮಿಯಲ್ಲಿ ಹೊಡೆಯಲು ತುರುಪೇ ಉಳಿಯುತ್ತಿರಲಿಲ್ಲ.

ನೋಟ್ರಂಪ್‌ನಲ್ಲೂ ಇದೇ ಕಥೆ. ಒಂದು ನೋಟ್ರಂಪ್, ಮೂರು ನೋಟ್ರಂಪ್, ಮುಗಿಯಿತು. ಡಮ್ಮಿ ಸ್ಟೇಮನ್ (ಜೊತೆಗಾರರ ಹತ್ತಿರ ನಾಲ್ಕು ಸ್ಪೇಡ್ ಅಥವಾ ಹಾರ್ಟ್ ಇದೆಯಾ ಅಂತ ಕೇಳುವ ಬಿಡ್) ಕೇಳಲೇ ಇಲ್ಲ, ಅಂದರೆ ನಾಲ್ಕು ಸ್ಪೇಡ್ ಅಥವಾ ನಾಲ್ಕು ಹಾರ್ಟ್ ಅಲ್ಲಿರುವುದು ಅಪರೂಪ. ನಿಮಗೆ ಸ್ಪೇಡೂ ಡೈಮಂಡೂ ಒಂದೇ ಥರ ಕಂಡರೆ ಸ್ಪೇಡ್ ಇಳಿಸಿ.

ಯಾವ ಎಲೆ ಅನ್ನುವುದು ಸುಲಭ, ಅದಕ್ಕೆ ರೂಢಿ ಇದೆ. ರಾಜ, ರಾಣಿ, ಜಾಕಿ ಇದ್ದರೆ ರಾಜ. ಉದ್ದದ ಸೂಟ್ (ಒಂದೇ ಜಾತಿಯ ಎಲೆ ಜಾಸ್ತಿ) ಆದರೆ ಮೇಲಿನಿಂದ ನಾಲ್ಕನೆಯದು. ಈ ನಾಲ್ಕನೆಯದು ಪಾರ್ಟ್ನರ್ ಜೊತೆ ಮಾತಾಡುತ್ತದೆ. ಅವರು ಆರು ಇಳಿಸಿದರು ಅನ್ನಿ. 11ರಲ್ಲಿ 6 ಕಳೆಯಿರಿ, 5. ಆರಕ್ಕಿಂತ ದೊಡ್ಡವು ಒಟ್ಟು ಎಂಟು, ಅವರ ಕೈಯಲ್ಲೇ ಮೂರು, ಮಿಕ್ಕ ಮೂವರಲ್ಲಿ ಐದು. ಡಮ್ಮಿಯಲ್ಲಿ ರಾಣಿ, ಎಂಟು, ಮೂರು. ನಿಮ್ಮಲ್ಲಿ ಎಕ್ಕ, ಹತ್ತು, ಏಳು. ಐದೂ ಸಿಕ್ಕವು! ಡಿಕ್ಲೇರರ್ ಹತ್ತಿರ ಆರಕ್ಕಿಂತ ದೊಡ್ಡದು ಒಂದೂ ಇಲ್ಲ. ಡಮ್ಮಿಯಿಂದ ಮೂರು ಬಂದರೆ ನಿಮ್ಮ ಏಳೇ ಸಾಕು, ಎಕ್ಕ ದಂಡ ಮಾಡಬೇಡಿ.

ಇನ್ನೊಂದು ಮಾತು. ಮೊದಲ ಎಲೆ ಇಳಿಸುವ ಮುಂಚೆ ಬಿಡ್ಡಿಂಗ್ ಪೂರ್ತಿ ಇನ್ನೊಮ್ಮೆ ಹೇಳಿ ಅಂತ ಕೇಳುವ ಹಕ್ಕು ನಿಮಗಿದೆ. ನಾಚಿಕೆಗೆ ಯಾರೂ ಕೇಳುವುದಿಲ್ಲ. ನಾನೂ ಅವತ್ತು ಕೇಳಿರಲಿಲ್ಲ.