ಹೆಜ್ಜೆ ಕೂಡಬೇಕಾದ ಬೆಳಕು

ಪುಣೆಯ ಕನ್ನಡ ಕೇಳುಗರಿಗೆ ನಮಸ್ಕಾರ.

ಆರಿದ್ರಾ ಮಳೆ ನಮ್ಮ ಊರುಗಳ ಕಡೆ ಎಲ್ಲರಿಗೂ ಗೊತ್ತು. ಆ ಆರಿದ್ರಾ ನಕ್ಷತ್ರ ಚಳಿಗಾಲದ ರಾತ್ರಿ ಪುಣೆಯ ಆಕಾಶದಲ್ಲೂ ಕೆಂಪಗೆ ಕಾಣುತ್ತದೆ. ಅದರ ಅಗಲ ಎಷ್ಟು? 1920ರ ಡಿಸೆಂಬರ್‌ವರೆಗೆ ಯಾರೂ ಅಳೆದಿರಲಿಲ್ಲ. ಆಗ ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ಮೈಕೆಲ್ಸನ್ ಮತ್ತು ಪೀಸ್ ಎಂಬ ವಿಜ್ಞಾನಿಗಳು 100 ಇಂಚಿನ ಟೆಲಿಸ್ಕೋಪಿನ ಬಾಯಿಗೆ 20 ಅಡಿ ಉದ್ದದ ಉಕ್ಕಿನ ತೊಲೆ ಕೂರಿಸಿದರು. ತೊಲೆಯ ಮೇಲೆ ಅಂತರ ಬಿಟ್ಟು ಕನ್ನಡಿ ಇಟ್ಟು, ಎರಡೂ ಕಡೆಯ ಬೆಳಕನ್ನು ಒಂದುಗೂಡಿಸಿದರು. ಅಲೆಗೆ ಅಲೆ ಸೇರಿದಾಗ ಬೆಳಕು-ನೆರಳಿನ ಪಟ್ಟೆ ಮೂಡುತ್ತದೆ. ಕನ್ನಡಿಗಳನ್ನು ಸುಮಾರು 10 ಅಡಿ ದೂರ ಸರಿಸಿದಾಗ ಪಟ್ಟೆ ಅಳಿಸಿಹೋಯಿತು. ಆ ಅಂತರದಿಂದಲೇ ನಕ್ಷತ್ರದ ಅಗಲ ಸಿಕ್ಕಿತು. ಇದೇ ಇಂಟರ್‌ಫೆರೋಮೆಟ್ರಿ.

ಇವತ್ತು ಈ ಕೆಲಸದ ದೊಡ್ಡ ಜಾಗ ಚಿಲಿ ದೇಶದ ಪರನಾಲ್ ಬೆಟ್ಟ. ಅಟಕಾಮಾ ಮರುಭೂಮಿಯಲ್ಲಿ, 2635 ಮೀಟರ್ ಎತ್ತರದಲ್ಲಿದೆ. ಅಲ್ಲಿ 8.2 ಮೀಟರ್ ಕನ್ನಡಿಯ ನಾಲ್ಕು ಟೆಲಿಸ್ಕೋಪುಗಳಿವೆ. ನಾಲ್ಕರ ಬೆಳಕನ್ನೂ ನೆಲದಡಿಗೆ ಇಳಿಸಿ ಒಂದೆಡೆ ಸೇರಿಸಿದರೆ, ಸೂಕ್ಷ್ಮ ನೋಟದ ಮಟ್ಟಿಗೆ 130 ಮೀಟರ್ ಅಗಲದ ಒಂದೇ ಟೆಲಿಸ್ಕೋಪಿನಂತೆ ಕೆಲಸ ಮಾಡುತ್ತವೆ.

ಪುಣೆಯವರಿಗೆ ಇಲ್ಲೊಂದು ಪ್ರಶ್ನೆ ಬರಬೇಕು. ನಾರಾಯಣಗಾಂವ್ ಹತ್ತಿರದ ಖೋಡದ್‌ನಲ್ಲೂ ನಮ್ಮ 30 ಆಂಟೆನಾಗಳು ಹೀಗೇ ಕೂಡಿ ದುಡಿಯುತ್ತವಲ್ಲ? ಹೌದು. ಆದರೆ ಅವು ಹಿಡಿಯುವುದು ರೇಡಿಯೋ ಅಲೆ. ಆ ಅಲೆ ಉದ್ದ, ನಿಧಾನವಾಗಿ ಕಂಪಿಸುತ್ತದೆ. ಒಂದೊಂದು ಆಂಟೆನಾದ ಸಿಗ್ನಲನ್ನು ಕಂಪ್ಯೂಟರಿಗೆ ತಂದು, ಅಲ್ಲಿ ಹೊಂದಿಸಿಕೊಳ್ಳಬಹುದು. ಬೆಳಕಿಗೆ ಈ ಸೌಲಭ್ಯ ಇಲ್ಲ. ಅದರ ಅಲೆ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿನ ಆಸುಪಾಸು. ಬೆಳಕನ್ನೇ ಬೆಳಕಿಗೆ ತಂದು ಸೇರಿಸಬೇಕು. ದಾರಿ ಒಂದು ಅಲೆಯಷ್ಟು ಹೆಚ್ಚುಕಮ್ಮಿಯಾದರೂ ಲೆಕ್ಕ ತಪ್ಪುತ್ತದೆ. ಗಣಪತಿ ವಿಸರ್ಜನೆಯ ದಿನ ಲಕ್ಷ್ಮೀ ರಸ್ತೆಯಲ್ಲಿ ಬಡಿಯುವ ಢೋಲುಗಳಲ್ಲಿ ಎರಡು ಮೂರು ತಾಳ ತಪ್ಪಿದರೆ ಇಡೀ ಪಥಕ ಕೆಡುತ್ತದೆ, ಅಲ್ವಾ? ಹಾಗೆ.

ಆದ್ದರಿಂದ ಪರನಾಲ್‌ನ ನೆಲದಡಿ ನೂರು ಮೀಟರಿಗೂ ಉದ್ದದ ಸುರಂಗ ಇದೆ. ಅದರಲ್ಲಿ ಹಳಿ ಹಾಕಿದ್ದಾರೆ. ಹಳಿಯ ಮೇಲೆ ಕನ್ನಡಿ ಹೊತ್ತ ಪುಟ್ಟ ಬಂಡಿಗಳು. ಭೂಮಿ ತಿರುಗಿದಂತೆ ನಕ್ಷತ್ರದ ಬೆಳಕು ಒಂದು ಟೆಲಿಸ್ಕೋಪಿಗೆ ಮುಂಚೆ, ಇನ್ನೊಂದಕ್ಕೆ ತಡವಾಗಿ ಬರುತ್ತದೆ. ಈ ವ್ಯತ್ಯಾಸ ಸರಿದೂಗಿಸಲು ಬಂಡಿಗಳು ರಾತ್ರಿಯಿಡೀ ಸರಿಯುತ್ತಲೇ ಇರುತ್ತವೆ. ಆಮೇಲೆ ನಡುಕದ ಕಾಟ. ಕಟ್ಟಡದೊಳಗಿನ ಪಂಪು, ಫ್ಯಾನುಗಳ ಅದುರಾಟವೂ ಪಟ್ಟೆಯನ್ನು ಕಲಸಿಬಿಡುತ್ತದೆ. ಅದಕ್ಕೇ ಕನ್ನಡಿಗಳಿಗೆ ನಡುಕ ಅಳೆಯುವ ಸೆನ್ಸರ್ ಕೂರಿಸಿದ್ದಾರೆ. ಅವು ಹೇಳಿದಷ್ಟನ್ನು ಕ್ಷಣಕ್ಷಣಕ್ಕೂ ಲೆಕ್ಕದಿಂದ ಕಳೆಯಲಾಗುತ್ತದೆ.

ಪರನಾಲ್‌ನಲ್ಲಿ ನಾಲ್ಕರ ಬೆಳಕನ್ನು ಕೂಡಿಸುವ ಉಪಕರಣದ ಹೆಸರು ಗ್ರಾವಿಟಿ. ಈಗ ಅಲ್ಲಿ ನಡೆದಿರುವ ಮೇಲ್ದರ್ಜೆ ಕೆಲಸದ ಹೆಸರು ಗ್ರಾವಿಟಿ ಪ್ಲಸ್. ದೊಡ್ಡ ಕನ್ನಡಿ ಮುಟ್ಟಿಲ್ಲ. ಬದಲಿಸಿದ್ದು ಅದರ ಹಿಂದಿನ ಪುಟ್ಟ ಕನ್ನಡಿಯನ್ನು. ಗಾಳಿಯ ಕಲಕಾಟಕ್ಕೆ ತಕ್ಕಂತೆ ತನ್ನ ಮೈ ಬಗ್ಗಿಸಿಕೊಳ್ಳುವ ಕನ್ನಡಿ ಅದು. ಹಳೆಯದನ್ನು 60 ಕಡೆ ತಳ್ಳಿ ಎಳೆಯಬಹುದಿತ್ತು. ಹೊಸದನ್ನು 1400ಕ್ಕೂ ಜಾಸ್ತಿ ಕಡೆ. ಗಾಳಿ ಎಷ್ಟು ಕಲಕಿದೆ ಎಂದು ತಿಳಿಯಲು ಹತ್ತಿರದಲ್ಲೊಂದು ಪ್ರಕಾಶದ ನಕ್ಷತ್ರ ಬೇಕು. ಎಲ್ಲ ಕಡೆ ಅದು ಸಿಗುವುದಿಲ್ಲ. ಹಾಗಾಗಿ 90 ಕಿಲೋಮೀಟರ್ ಮೇಲಿರುವ ಸೋಡಿಯಂ ಪದರಕ್ಕೆ ಲೇಸರ್ ಬಿಟ್ಟು ನಾವೇ ನಕ್ಷತ್ರ ಮಾಡಿಕೊಳ್ಳುವುದು. ಮೊದಲು ನಾಲ್ಕರಲ್ಲಿ ಒಂದೇ ಟೆಲಿಸ್ಕೋಪಿಗೆ ಲೇಸರ್ ಇತ್ತು. 2025ರಲ್ಲಿ ಉಳಿದ ಮೂರಕ್ಕೂ ಬಂತು.

ಇಷ್ಟು ಒದ್ದಾಟ ಸುಮ್ನೆ ಅಲ್ಲ. ನಮ್ಮ ಆಕಾಶಗಂಗೆಯ ನಡುವಿನ ಕಪ್ಪುಕುಳಿಯನ್ನು 16 ವರ್ಷಕ್ಕೊಮ್ಮೆ ಸುತ್ತುವ ಎಸ್2 ಎಂಬ ನಕ್ಷತ್ರ 2018ರ ಮೇ ತಿಂಗಳಲ್ಲಿ ಅದರ ಹತ್ತಿರ ಹಾದುಹೋಯಿತು. ಗ್ರಾವಿಟಿ ಉಪಕರಣ ಅದನ್ನು ಬೆಂಬತ್ತಿತು. ಗುರುತ್ವದ ಬಗ್ಗೆ ಐನ್‌ಸ್ಟೈನ್ ಹಾಕಿದ ಲೆಕ್ಕ ಅಲ್ಲಿಯೂ ಸರಿ ಬಂತು. 2024ರಲ್ಲಿ, ಸುಧಾರಣೆ ಇನ್ನೂ ಅರ್ಧದಲ್ಲಿದ್ದಾಗಲೇ, 1100 ಕೋಟಿ ವರ್ಷಗಳ ಹಿಂದೆ ಹೊರಟ ಬೆಳಕಿನಿಂದ ಒಂದು ಕಪ್ಪುಕುಳಿಯ ತೂಕ ಅಳೆದ ವರದಿ ಬಂತು. ನಮ್ಮ ಸೂರ್ಯನ ಸುಮಾರು 32 ಕೋಟಿ ಪಟ್ಟು.

ಹವಾಯಿಯ ಕೆಕ್ ಟೆಲಿಸ್ಕೋಪುಗಳ ಜೋಡಿಯಲ್ಲೂ ಈ ಪ್ರಯತ್ನ ನಡೆದಿತ್ತು. ಹಣ ನಿಂತು 2012ರಲ್ಲಿ ಅದು ಮುಚ್ಚಿತು. ನನಗೆ ಅದು ದೊಡ್ಡ ನಷ್ಟವೆಂದೇ ಅನಿಸುತ್ತದೆ. ಹೊಸ ಕನ್ನಡಿಗೆ ಸಿಗುವ ಸುದ್ದಿ, ಚಪ್ಪಾಳೆ ಇಂಥ ಸುಧಾರಣೆಗೆ ಸಿಗುವುದಿಲ್ಲ. ಖೋಡದ್‌ನವರು ಆಂಟೆನಾ ತಟ್ಟೆಗಳನ್ನು ಹಾಗೇ ಇಟ್ಟುಕೊಂಡು, ರಿಸೀವರು, ಇಲೆಕ್ಟ್ರಾನಿಕ್ಸ್ ಬದಲಿಸಿ, ಒಮ್ಮೆಲೇ ಕೇಳುವ ಕಂಪನಾಂಕ ಪಟ್ಟಿಯ ಅಗಲವನ್ನು 32 ಮೆಗಾಹರ್ಟ್ಸ್‌ನಿಂದ 400ಕ್ಕೆ ಏರಿಸಿದ್ದಾರೆ. ಅದೂ ಇದೇ ಜಾತಿಯ ಕೆಲಸ.

ಬೆಳಗಾವಿ, ಹುಬ್ಬಳ್ಳಿ, ವಿಜಯಪುರದಿಂದ ಇಲ್ಲಿಗೆ ಎಂಜಿನಿಯರಿಂಗ್ ಓದಲು ಬಂದ ಮಕ್ಕಳಿಗೆ ಒಂದು ಮಾತು. ಖಗೋಳವೆಂದರೆ ಬರೀ ಭೌತಶಾಸ್ತ್ರ ಓದಿದವರ ಪಾಲು ಅಂದುಕೊಳ್ಳಬೇಡಿ. ನಡುಕ ತಡೆಯುವುದು ಮೆಕ್ಯಾನಿಕಲ್‌ನವರ ಕೆಲಸ. ಬಂಡಿಯನ್ನು ಮೈಕ್ರಾನ್ ಲೆಕ್ಕದಲ್ಲಿ ಹಿಡಿದು ನಿಲ್ಲಿಸುವುದು ಕಂಟ್ರೋಲ್ ಸಿಸ್ಟಮ್ಸ್ ಓದಿದವರ ಕೆಲಸ. ನಿಮ್ಮ ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ, ಇದರಲ್ಲೊಂದನ್ನು ಎತ್ತಿಕೊಳ್ಳಿ. ನಮಸ್ಕಾರ.