ಹಿಂದಿನ ಗಾಜಿನಿಂದ ಶುರು ಮಾಡಿ

ಕೇಳುಗರಿಗೆ ನಮಸ್ಕಾರ. ಹೊಸ ಹ್ಯಾಚ್‌ಬ್ಯಾಕ್, ಅಂದರೆ ಹಿಂದೆ ಡಿಕ್ಕಿ ಚಾಚಿಕೊಂಡಿರದ ಕಾರು, ಆರಿಸುವಾಗ ಏನೇನು ನೋಡಬೇಕು ಎಂಬುದು ಇವತ್ತಿನ ಮಾತು.

ಆಟಿ ತಿಂಗಳ ಒಂದು ಸಂಜೆ, ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿ. ಕಾರಿನಲ್ಲಿ ಐದು ಜನ. ಇಬ್ಬರ ಬಟ್ಟೆ ಒದ್ದೆ, ಕಾಲಡಿಯಲ್ಲಿ ನೀರಿಳಿಯುವ ಕೊಡೆಗಳು. ಹತ್ತು ನಿಮಿಷ ಆಗುವುದರೊಳಗೆ ಹಿಂದಿನ ಗಾಜಿಗೆ ಒಳಗಿನಿಂದ ಮಬ್ಬು, ಹೊರಗಿನಿಂದ ಕೆಂಪು ಕೆಸರು. ಹಿಂದೆ ಬಸ್ಸು ಹಾರನ್ ಹೊಡೆಯುತ್ತಿದೆ. ಅದು ಎಷ್ಟು ಹತ್ತಿರ ಇದೆ ಅಂತ ಕನ್ನಡಿಯಲ್ಲಿ ಕಾಣುವುದಿಲ್ಲ. ಆ ಹೊತ್ತಿಗೆ ದೊಡ್ಡ ಟಚ್‌ಸ್ಕ್ರೀನ್ ಇದ್ದೂ ಪ್ರಯೋಜನ ಇಲ್ಲ. ಬೇಕಾದದ್ದು ಹಿಂದಿನ ವೈಪರ್ ಮತ್ತು ಡಿಫಾಗರ್.

ಹ್ಯಾಚ್‌ಬ್ಯಾಕಿಗೆ ಇವೆರಡು ಯಾಕೆ ಇಷ್ಟು ಮುಖ್ಯ? ಸೆಡಾನಿಗಾದರೆ ಗಾಜಿನ ಹಿಂದೆ ಡಿಕ್ಕಿ ಚಾಚಿಕೊಂಡಿರುತ್ತದೆ. ಹ್ಯಾಚ್‌ಬ್ಯಾಕಿನ ಬೆನ್ನು ಕತ್ತಿಯಲ್ಲಿ ಕಡಿದ ಹಾಗೆ ನೇರ. ಓಡುವಾಗ ಆ ಬೆನ್ನ ಹಿಂದೆ ಗಾಳಿ ಸುಳಿ ಸುತ್ತುತ್ತದೆ. ಚಕ್ರ ಎಬ್ಬಿಸಿದ ಕೆಸರುನೀರು ಆ ಸುಳಿಗೆ ಸಿಕ್ಕಿ ಗಾಜಿಗೇ ಬಂದು ಬಡಿಯುತ್ತದೆ. ನಮ್ಮ ಮುರಕಲ್ಲಿನ ಮಣ್ಣು ಒಮ್ಮೆ ಹಿಡಿದರೆ ಮಳೆನೀರಿಗೆ ತಾನಾಗಿ ಬಿಡುವ ಜಾತಿಯೂ ಅಲ್ಲ. ಹಾಗಾಗಿ ವೈಪರ್ ಮಾತ್ರ ಸಾಲದು, ನೀರು ಚಿಮ್ಮಿಸುವ ವಾಷರ್ ಕೂಡ ಬೇಕು.

ಡಿಫಾಗರ್ ಅಂದರೆ ಗಾಜಿನ ಒಳಮೈಯಲ್ಲಿ ಅಡ್ಡಕ್ಕೆ ಎಳೆದ ಕಂದು ಬಣ್ಣದ ಸಪೂರ ಗೆರೆಗಳು. ಕರೆಂಟು ಹರಿದು ಅವು ಬಿಸಿಯಾಗುತ್ತವೆ, ಮಬ್ಬು ಆರುತ್ತದೆ. ಎಲ್ಲೋ ಒಂದು ಗೆರೆ ತುಂಡಾದರೆ ಅದರ ಉದ್ದಕ್ಕೆ ಮಾತ್ರ ಮಬ್ಬು ಪಟ್ಟಿಯಾಗಿ ಉಳಿಯುತ್ತದೆ. ತುಂಡಾಗುವುದು ಹೆಚ್ಚಾಗಿ ನಮ್ಮ ಕೈಯಿಂದಲೇ. ಒಳಗಡೆ ಸ್ಟಿಕ್ಕರ್ ಅಂಟಿಸಿ ಆಮೇಲೆ ಬ್ಲೇಡಿನಲ್ಲಿ ಕೆರೆಯುವುದು, ಡಿಕ್ಕಿಗೆ ತುಂಬಿದ ಸಾಮಾನು ಗಾಜಿಗೆ ಉಜ್ಜುವುದು. ಒರೆಸುವಾಗ ಮೆತ್ತನೆ ಬಟ್ಟೆ ಹಿಡಿದು ಗೆರೆ ಹೋದ ದಿಕ್ಕಿನಲ್ಲೇ ಒರೆಸಬೇಕು.

ಮುಂದಿನ ಗಾಜಿನ ಮಬ್ಬಿಗೆ ಬೇರೆ ಮದ್ದು. ಎ.ಸಿ. ಹಾಕಿ, ಗಾಳಿಯ ದಿಕ್ಕನ್ನು ಗಾಜಿನ ಗುರುತಿಗೆ ತಿರುಗಿಸಿ, ಒಳಗಿನ ಗಾಳಿಯೇ ಸುತ್ತುವ ಬಟನ್ ತೆಗೆದು ಹೊರಗಿನ ಗಾಳಿ ಬರಲು ಬಿಡಿ. ಎ.ಸಿ. ಗಾಳಿಯ ಪಸೆಯನ್ನು ಹಿಂಡಿ ತೆಗೆಯುತ್ತದೆ, ಅದೇ ಮುಖ್ಯ. ತೀರಾ ತಂಪು ಮಾಡಿದರೆ ಗಾಜು ಹೊರಗಿನಿಂದ ಬೆವರುತ್ತದೆ. ಆಗ ವೈಪರ್ ಒಮ್ಮೆ ಆಡಿಸಿ, ಗುಬುಟನ್ನು ಬಿಸಿಯ ಕಡೆಗೆ ಸ್ವಲ್ಪ ತಿರುಗಿಸಿದರೆ ಸರಿ. ಗುಬುಟು ಅಂದೆ. ಎ.ಸಿ.ಗೆ ಕೈಗೆ ಸಿಗುವ ಗುಬುಟು ಇರುವ ಕಾರೇ ಒಳ್ಳೆಯದು. ಪರದೆಯ ಒಳಗೆ ಹುಡುಕಿ ಒತ್ತುವ ವ್ಯವಸ್ಥೆಯಾದರೆ ಕಣ್ಣು ರಸ್ತೆಯಿಂದ ಆಚೆ ಹೋಗಲೇಬೇಕು.

ಇನ್ನು ಆರಿಸುವ ವಿಚಾರ. ಶೋರೂಮಿನಲ್ಲಿ ಒಂದೇ ಕಾರಿನ ನಾಲ್ಕೈದು ವೇರಿಯೆಂಟು ತೋರಿಸುತ್ತಾರೆ, ಒಂದೊಂದು ಮೆಟ್ಟಲಿಗೂ ರೇಟು ಏರುತ್ತದೆ. ಪ್ರತಿಯೊಂದು ಸೌಕರ್ಯಕ್ಕೂ ಒಂದು ಪ್ರಶ್ನೆ ಹಾಕಿ ನೋಡಿ: ಇದನ್ನು ಆಮೇಲೆ ಹೊರಗೆ ಹಾಕಿಸಬಹುದೋ ಇಲ್ಲವೋ? ಸ್ಟೀರಿಯೋ, ರಿವರ್ಸ್ ಕ್ಯಾಮೆರಾ, ಸೀಟ್ ಕವರ್, ಅಲಾಯ್ ವೀಲ್, ಹಿಂದಿನ ಪವರ್ ವಿಂಡೋ ಇವೆಲ್ಲ ಆಮೇಲೆ ಆಗುತ್ತವೆ. ಹಾಕಿಸುವಾಗ ಒಂದೇ ಮಾತು, ಕಂಪೆನಿಯ ವಯರ್ ತುಂಡು ಮಾಡಲು ಬಿಡಬೇಡಿ, ಕಪ್ಲರಿಗೆ, ಅಂದರೆ ವಯರುಗಳನ್ನು ಜೋಡಿಸುವ ಪ್ಲಗ್ಗಿಗೆ, ಸಿಕ್ಕಿಸುವ ಕಿಟ್ಟೇ ಕೇಳಿ. ವಯರ್ ಕತ್ತರಿಸಿದರೆ ವಾರಂಟಿಯಲ್ಲಿ ತಕರಾರು ಬರುತ್ತದೆ. ಹಿಂದಿನ ವೈಪರಿಗಾದರೆ ಡೋರಿನೊಳಗೆ ಮೋಟರ್ ಬೇಕು, ಗಾಜಿಗೋ ತಗಡಿಗೋ ತೂತು ಬೇಕು. ಡಿಫಾಗರ್ ಬೇಕಾದರೆ ಗಾಜೇ ಬೇರೆ. ಸೀಟು ಎತ್ತರಿಸುವ ಲಿವರ್, ಮೇಲೆ ಕೆಳಗೆ ಸರಿಸಬಹುದಾದ ಟಿಲ್ಟ್ ಸ್ಟೀರಿಂಗ್, ಏರಿನಲ್ಲಿ ಕಾರನ್ನು ಹಿಡಿದಿಡುವ ಹಿಲ್ ಹೋಲ್ಡ್, ಎರಡು ಭಾಗವಾಗಿ ಮಡಚುವ ಹಿಂದಿನ ಸೀಟು ಇವೆಲ್ಲ ಇದೇ ಜಾತಿಯವು. ಮೇಲಿನ ವೇರಿಯೆಂಟಿಗೆ ಹಣ ಕೊಡುವುದಾದರೆ ಇವುಗಳಿಗಾಗಿ ಕೊಡಿ.

ಹಿಲ್ ಹೋಲ್ಡ್ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮಲ್ಲಿ ರಸ್ತೆಯಿಂದ ಮನೆಯಂಗಳಕ್ಕೆ ಹೋಗುವ ದಾರಿ ಎಂದರೆ ಒಂದೋ ಏರು, ಇಲ್ಲದಿದ್ದರೆ ಇಳಿಜಾರು. ಏರಿನ ಅರ್ಧದಲ್ಲಿ ಎದುರು ಜೀಪು ಬಂತು, ನಿಲ್ಲಿಸಿದಿರಿ. ಮತ್ತೆ ಹೊರಡುವಾಗ ಬಲಗಾಲು ಬ್ರೇಕಿನಿಂದ ಆಕ್ಸಿಲರೇಟರಿಗೆ ಹೋಗುವ ಹೊತ್ತಿನಲ್ಲಿ ಕಾರು ಹಿಂದೆ ಜಾರುತ್ತದೆ. ಹಿಲ್ ಹೋಲ್ಡ್ ಇದ್ದರೆ ಬ್ರೇಕಿನ ಒತ್ತಡವನ್ನು ಸುಮಾರು 2 ಸೆಕೆಂಡು ಹಾಗೇ ಹಿಡಿದಿಡುತ್ತದೆ. ಎರಡೇ ಸೆಕೆಂಡು, ಅದರ ಮೇಲೆ ನಂಬಿ ಕೂರಬಾರದು. ಸಾಮಾನ್ಯವಾಗಿ ಇದು ಇ.ಎಸ್.ಸಿ. ಎಂಬ ವ್ಯವಸ್ಥೆಯ ಪಂಪಿನಿಂದಲೇ ಕೆಲಸ ಮಾಡುವುದರಿಂದ, ಹಿಲ್ ಹೋಲ್ಡ್ ಇದ್ದಲ್ಲಿ ಇ.ಎಸ್.ಸಿ.ಯೂ ಇರುತ್ತದೆ. ಒದ್ದೆ ತಿರುವಿನಲ್ಲಿ ಕಾರು ಅಡ್ಡ ಜಾರದ ಹಾಗೆ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕುವುದು ಅದೇ.

ಎ.ಎಂ.ಟಿ., ಅಂದರೆ ತಾನಾಗಿ ಬದಲಾಗುವ ಗೇರಿನ ಕಾರು ತೆಗೆದುಕೊಳ್ಳುವವರಿಗಂತೂ ಹಿಲ್ ಹೋಲ್ಡ್ ಇಲ್ಲದೆ ಆಗುವುದಿಲ್ಲ. ಅದರಲ್ಲಿ ಕ್ಲಚ್ ಪೆಡಲ್ ಇಲ್ಲ, ಆದರೆ ಕ್ಲಚ್ ಇದೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿಯೇ ಕಾರನ್ನು ನಿಲ್ಲಿಸಿಕೊಂಡರೆ ಆ ಕ್ಲಚ್ ಅರ್ಧ ಹಿಡಿದು ಉಜ್ಜುತ್ತಾ ಇರುತ್ತದೆ, ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬರುತ್ತದೆ. ನಿಲ್ಲಿಸುವುದು ಬ್ರೇಕಿನಲ್ಲೇ ಆಗಬೇಕು. ಟೆಸ್ಟ್ ಡ್ರೈವ್‌ಗೆ ಹೆಚ್ಚಿನವರು ಹೆದ್ದಾರಿಯ ಸಪಾಟು ದಾರಿಗೆ ಕರೆದುಕೊಂಡು ಹೋಗುತ್ತಾರೆ. ಸಾಧ್ಯವಾದರೆ ಕಾರನ್ನು ಮನೆಗೇ ತರಿಸಿ. ನಾಲ್ಕು ಜನ ಕೂತು, ಎ.ಸಿ. ಹಾಕಿ, ನಿಮ್ಮದೇ ಏರಿನ ಮಧ್ಯದಲ್ಲಿ ಪೂರ್ತಿ ನಿಲ್ಲಿಸಿ ಮತ್ತೆ ಹೊರಡಿಸಿ ನೋಡಿ.

ಕಾರು ಮನೆಗೆ ಬಂದಾಗ ಅದನ್ನು ಓಡಿಸುವ ಎಲ್ಲರೂ ಒಮ್ಮೆ ಕೂತು ನೋಡಬೇಕು, ಅತ್ತೆಯೂ ಸೊಸೆಯೂ. ಮೊದಲು ಸೀಟಿನ ಎತ್ತರ. ಆಮೇಲೆ ಕ್ಲಚ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಚಿರುವಷ್ಟು ದೂರ. ಕೊನೆಗೆ ಸ್ಟೀರಿಂಗ್. ಎದೆಗೂ ಸ್ಟೀರಿಂಗಿನ ನಡುವಿಗೂ ಕನಿಷ್ಠ 25 ಸೆಂಟಿಮೀಟರ್ ಅಂತರ ಬೇಕು, ಏರ್‌ಬ್ಯಾಗ್ ಬಿಚ್ಚಿಕೊಳ್ಳಲು ಜಾಗ ಅದು. ಎತ್ತರದ ಲಿವರ್ ಇಲ್ಲದ ಕಾರಿನಲ್ಲಿ ಗಿಡ್ಡ ಇರುವವರು ರಸ್ತೆ ಕಾಣಲಿ ಅಂತ ಸೀಟನ್ನು ಮುಂದೆ ಎಳೆದುಕೊಳ್ಳುತ್ತಾರೆ. ಆಗ ಹೋಗುವುದು ಈ ಅಂತರವೇ. ಬೆನ್ನಿಗೆ ದಿಂಬು ಇಟ್ಟುಕೊಂಡರೂ ಅಷ್ಟೆ.

ಡಿಕ್ಕಿಗೆ ಎಷ್ಟು ಲೀಟರ್ ಎಂಬ ಲೆಕ್ಕಕ್ಕಿಂತ ಬಾಯಿಯ ಎತ್ತರ ನೋಡಿ. 50 ಕಿಲೋದ ಹಿಂಡಿ ಗೋಣಿಯನ್ನು ಸೊಂಟದ ಮೇಲಕ್ಕೆ ಎತ್ತಿ, ಒಳಗಿನ ಹೊಂಡಕ್ಕೆ ಇಳಿಸಿ, ಮತ್ತೆ ಅಲ್ಲಿಂದ ತೆಗೆಯುವ ಕಷ್ಟ ಬೆನ್ನಿಗೇ ಗೊತ್ತು. ಹಿಂದಿನ ಸೀಟು 60:40ರಲ್ಲಿ ಮಡಚುವುದಾದರೆ ಒಂದು ಬದಿಯಲ್ಲಿ ಅಜ್ಜಿ, ಇನ್ನೊಂದು ಬದಿಯಲ್ಲಿ ಅಡಿಕೆ ಗೋಣಿ. ಇಡೀ ಸೀಟು ಒಂದೇ ತುಂಡಾಗಿದ್ದರೆ ಇಬ್ಬರಲ್ಲಿ ಒಬ್ಬರು ಬಸ್ಸಿಗೆ. ಮೈಲುತುತ್ತು ತರುವವರು ಅಡಿಗೆ ದಪ್ಪ ಟಾರ್ಪಾಲು ಹಾಸಿ. ಅದರ ಹುಡಿ ಪಸೆ ಹಿಡಿದರೆ ಡಿಕ್ಕಿಯ ತಗಡನ್ನು ತಿನ್ನುತ್ತದೆ. ಹಿಂದೆ ಭಾರ ಹೇರಿದಾಗ ಕಾರಿನ ಮೂತಿ ಮೇಲೇಳುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಸ್ಟೀರಿಂಗಿನ ಹತ್ತಿರ 0, 1, 2, 3 ಎಂದು ಬರೆದ ಸಣ್ಣ ಚಕ್ರ ಇರುತ್ತದಲ್ಲ, ಅದು ಇದಕ್ಕೇ. ಅಂಕಿ ಹೆಚ್ಚಾದಷ್ಟು ಬೆಳಕು ಕೆಳಗಿಳಿಯುತ್ತದೆ. ಮುಟ್ಟಿದವರು ಕಡಿಮೆ!

ರಿವರ್ಸ್ ಸೆನ್ಸರಿಗೆಂದು ಹೆಚ್ಚಿನ ಹಣ ಕೊಡಬೇಕಿಲ್ಲ. 2019ರ ಜುಲೈಯಿಂದ ಹೊಸ ಕಾರುಗಳಿಗೆ ಅದು ಕಡ್ಡಾಯ. ಕ್ಯಾಮೆರಾ ಒಳ್ಳೆಯದೇ, ಆದರೆ ಪರದೆಯ ಮೇಲಿನ ಬಣ್ಣದ ಗೆರೆಗಳು ಸಪಾಟು ನೆಲದ ಲೆಕ್ಕದವು. ಹಿಂದೆ ಏರು ಇದ್ದರೆ ಕಟ್ಟೆಯೋ ತೆಂಗಿನ ಮರವೋ ಇದ್ದುದಕ್ಕಿಂತ ದೂರ ಕಾಣುತ್ತದೆ.

ಸನ್‌ರೂಫ್ ಬೇಡ ಅಂತ ನಾನು ಹೇಳುವುದಿಲ್ಲ, ಮಕ್ಕಳು ಒಪ್ಪುವುದೂ ಇಲ್ಲ. ಆದರೆ ಅದರ ಮೂಲೆಗಳಿಂದ ನೀರಿಳಿಯುವ ಸಪೂರ ಕೊಳವೆಗಳಿವೆ. ಮರದಡಿ ನಿಲ್ಲಿಸಿದ ಕಾರಿನಲ್ಲಿ ಅವು ತರಗೆಲೆಯ ಹುಡಿಯಿಂದ ಕಟ್ಟುತ್ತವೆ, ನೀರು ಮಾಡಿನ ಬಟ್ಟೆಗೆ ಇಳಿಯುತ್ತದೆ. ಮೇ ತಿಂಗಳಲ್ಲೇ ಮೂಲೆಗೆ ಅರ್ಧ ಲೋಟ ನೀರು ಮೆಲ್ಲಗೆ ಹೊಯ್ದು, ಅದು ಕಾರಿನ ಅಡಿಯಿಂದ ತೊಟ್ಟಿಕ್ಕುತ್ತದೋ ನೋಡಿ.

ಬಟನ್ ಸ್ಟಾರ್ಟ್ ಇರುವ ಕಾರಾದರೆ, ಕೀಲಿಯ ಸೆಲ್ ಮುಗಿದ ದಿನ ಏನು ಮಾಡುವುದು ಎಂಬುದನ್ನು ಡೆಲಿವರಿಯ ದಿನವೇ ಮಾಡಿ ತೋರಿಸಲು ಹೇಳಿ. ಕೀಲಿಯೊಳಗೆ ಅಡಗಿಸಿಟ್ಟ ಸಣ್ಣ ಲೋಹದ ಕೀಲಿ ಇರುತ್ತದೆ, ಅದರಿಂದ ಬಾಗಿಲು ತೆಗೆಯಬೇಕು. ಆಮೇಲೆ ಬ್ರೇಕ್ ಅಥವಾ ಕ್ಲಚ್ ಒತ್ತಿ, ಕೀಲಿಯನ್ನು ಸ್ಟಾರ್ಟ್ ಬಟನಿಗೆ ತಾಗಿಸಿ ಹಿಡಿದರೆ ಹೆಚ್ಚಿನ ಕಾರುಗಳು ಹೊರಡುತ್ತವೆ. ಅದೇ ದಿನ ಹಿಂದಿನ ಗಾಜಿಗೆ ಒಳಗಿನಿಂದ ಬಾಯಿಯ ಉಸಿರು ಊದಿ ಡಿಫಾಗರ್ ಹಾಕಿ. ಎಲ್ಲ ಗೆರೆಗಳ ಸುತ್ತಲೂ ಮಬ್ಬು ಬಿಟ್ಟರೆ ಮಾತ್ರ ಕಾಗದಕ್ಕೆ ರುಜು ಹಾಕಿ.

ನಮಸ್ಕಾರ.