ಗ್ಯಾಸ್ ಎಲ್ಲಿಗೆ ಹೋಯಿತು?

ಕೇಳುಗರೆಲ್ಲರಿಗೂ ನಮಸ್ಕಾರ.

ಎಸಿ ಸರಿಯಾಗಿ ತಣ್ಣಗೆ ಮಾಡುತ್ತಿಲ್ಲ ಅಂತ ಮೆಕ್ಯಾನಿಕ್‌ನ ಕರೆಸುತ್ತೀರಿ. ಅವರು ಬಂದು ಹೊರಗಿನ ಯೂನಿಟ್‌ಗೆ ಗೇಜ್ ಹಾಕಿ ನೋಡುತ್ತಾರೆ. 'ಗ್ಯಾಸ್ ಕಮ್ಮಿಯಾಗಿದೆ, ತುಂಬಿಸಬೇಕು' ಅನ್ನುತ್ತಾರೆ. ನೀವು ಹೂಂ ಅನ್ನುತ್ತೀರಿ. ಮುಂದಿನ ಬೇಸಿಗೆಗೆ ಮತ್ತೆ ಅದೇ ತೊಂದರೆ, ಮತ್ತೆ ಅದೇ ಖರ್ಚು. ಹೂಂ ಅನ್ನುವ ಮೊದಲು ಒಂದು ಪ್ರಶ್ನೆ ಕೇಳಬೇಕಿತ್ತು: ಇದ್ದ ಗ್ಯಾಸ್ ಎಲ್ಲಿಗೆ ಹೋಯಿತು?

ಅದು ಗಾಡಿಗೆ ಹಾಕುವ ಪೆಟ್ರೋಲ್ ಥರ ಉರಿದು ಖಾಲಿಯಾಗುವ ವಸ್ತುವಲ್ಲ. ಮುಚ್ಚಿದ ತಾಮ್ರದ ಪೈಪಿನೊಳಗೆ ಸುತ್ತು ಹೊಡೆಯುತ್ತಲೇ ಇರುತ್ತದೆ. ಒಳಗಿನ ಯೂನಿಟ್‌ನ ಕಾಯಿಲ್‌ನಲ್ಲಿ ದ್ರವ ಆವಿಯಾಗುತ್ತದೆ. ಹಾಗೆ ಆವಿಯಾಗಲು ಬೇಕಾದ ಶಾಖವನ್ನು ಕೋಣೆಯ ಗಾಳಿಯಿಂದಲೇ ಎಳೆದುಕೊಳ್ಳುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಬಿಸಿ ಮಾಡಿ ಹೊರಗಿನ ಕಾಯಿಲ್‌ಗೆ ಕಳಿಸುತ್ತದೆ. ಅಲ್ಲಿ ಶಾಖ ಬಿಟ್ಟು ಮತ್ತೆ ದ್ರವವಾಗಿ ಒಳಗೆ ಬರುತ್ತದೆ. ಕೆಲಸ ಇಷ್ಟೇ. ಎಲ್ಲೂ ಸೋರದಿದ್ದರೆ, ಹಾಕಿಸಿದ ದಿನ ಇದ್ದ ಗ್ಯಾಸೇ ಯಂತ್ರದ ಕೊನೆಯ ದಿನದವರೆಗೂ ಸಾಕು. ಕಮ್ಮಿಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ.

ಸೋರಿಕೆ ಹುಡುಕುವುದು ತಾಳ್ಮೆಯ ಕೆಲಸ, ಆದರೆ ಮಾಡಲಾಗದ ಕೆಲಸವೇನಲ್ಲ. ಕಂಪ್ರೆಸರ್‌ನ ಎಣ್ಣೆ ಸ್ವಲ್ಪ ಸ್ವಲ್ಪ ಗ್ಯಾಸ್ ಜೊತೆಗೇ ಓಡಾಡುತ್ತಿರುತ್ತದೆ. ಗ್ಯಾಸ್ ಸೋರಿದ ಕಡೆ ಎಣ್ಣೆಯೂ ಜಿನುಗುತ್ತದೆ, ಅದರ ಮೇಲೆ ಧೂಳು ಅಂಟಿ ಕಪ್ಪು ಕಲೆಯಾಗುತ್ತದೆ. ಒಳ್ಳೆಯ ಮೆಕ್ಯಾನಿಕ್ ಮೊದಲು ಬೆರಳಾಡಿಸಿ ನೋಡುವುದು ಪೈಪು ಯೂನಿಟ್‌ಗೆ ಸೇರುವ ಆ ಹಿತ್ತಾಳೆ ನಟ್‌ಗಳ ಹತ್ತಿರ. ಅನುಮಾನ ಬಂದ ಕಡೆ ಸೋಪಿನ ನೊರೆ ಹಚ್ಚುತ್ತಾರೆ. ಸೋರುತ್ತಿದ್ದರೆ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಅದೂ ಸಾಲದಿದ್ದರೆ ಪೈಪಿಗೆ ನೈಟ್ರೋಜನ್ ತುಂಬಿ, ಒತ್ತಡ ಇಳಿಯುತ್ತದಾ ಅಂತ ಕಾದು ನೋಡುತ್ತಾರೆ. ಇದಕ್ಕೆ ಸಮಯ ಹಿಡಿಯುತ್ತದೆ, ಸ್ವಲ್ಪ ಜಾಸ್ತಿ ದುಡ್ಡೂ ಆಗುತ್ತದೆ. ಕೊಡಿ. ಸೋರುವ ಪೈಪಿಗೆ ವರ್ಷ ವರ್ಷ ಗ್ಯಾಸ್ ತುಂಬಿಸುವುದಕ್ಕಿಂತ ಇದು ಎಷ್ಟೋ ಮೇಲು.

ಅಂದಹಾಗೆ, ತಂಪು ಕಮ್ಮಿಯಾದಾಗಲೆಲ್ಲ ತಪ್ಪು ಗ್ಯಾಸಿನದ್ದೇ ಆಗಿರುವುದಿಲ್ಲ. ಫಿಲ್ಟರ್‌ನಲ್ಲಿ ಧೂಳು ಕಟ್ಟಿಕೊಂಡರೆ ಕಾಯಿಲ್ ಮೇಲೆ ಗಾಳಿ ಆಡುವುದಿಲ್ಲ. ಕಾಯಿಲ್ ವಿಪರೀತ ತಣ್ಣಗಾಗಿ ಅದರ ಮೇಲೆ ಮಂಜುಗಡ್ಡೆ ಹಿಡಿಯುತ್ತದೆ. ಗ್ಯಾಸ್ ಕಮ್ಮಿಯಾದಾಗಲೂ ಮಂಜುಗಡ್ಡೆ ಹಿಡಿಯುವುದರಿಂದ ಎರಡೂ ಒಂದೇ ಥರ ಕಾಣುತ್ತವೆ. ಹಾಗಾಗಿ ಫೋನ್ ಮಾಡುವ ಮೊದಲು ಎಸಿ ಆಫ್ ಮಾಡಿ, ಗಡ್ಡೆ ಪೂರ್ತಿ ಕರಗಲು ಬಿಡಿ. ಫಿಲ್ಟರ್ ತೊಳೆದು, ಒಣಗಿಸಿ ಹಾಕಿ ನೋಡಿ. ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಒಳಗಿನ ಯೂನಿಟ್‌ನಿಂದ ಗೋಡೆ ಮೇಲೆ ನೀರು ಇಳಿಯುತ್ತಿದ್ದರೆ ಮೊದಲು ಡ್ರೈನ್ ಪೈಪ್ ಕಟ್ಟಿಕೊಂಡಿದೆಯಾ ನೋಡಿಸಿ.

ಇನ್ನು 'ಕಂಪ್ರೆಸರ್ ಹೋಗಿದೆ' ಅನ್ನುವ ಮಾತು. ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಯಾಕೆಂದರೆ ಅದು ದೊಡ್ಡ ಖರ್ಚು. ಇನ್ವರ್ಟರ್ ಎಸಿ ಅಂದರೆ ಕಂಪ್ರೆಸರ್ ವೇಗವನ್ನು ತಾನೇ ಹೆಚ್ಚು ಕಮ್ಮಿ ಮಾಡಿಕೊಳ್ಳುವಂಥದ್ದು. ಹಾಗಲ್ಲದ ಯಂತ್ರಗಳಲ್ಲಿ ಕಂಪ್ರೆಸರ್ ಶುರುವಾಗಲು ಸಹಾಯ ಮಾಡುವ ಒಂದು ಕೆಪಾಸಿಟರ್ ಇರುತ್ತದೆ. ಹೆಚ್ಚಾಗಿ ಬೆಳ್ಳಿ ಬಣ್ಣದ ಒಂದು ಸಣ್ಣ ಡಬ್ಬಿ. ಬಿಸಿಲಿಗೆ ಬೇಗ ಸೊರಗುವುದು ಅದೇ. ಹಾಳಾದಾಗ ಎಷ್ಟೋ ಸಲ ಅದರ ಮುಚ್ಚಳ ಉಬ್ಬಿರುತ್ತದೆ. ಹೊರಗಿನ ಯೂನಿಟ್ ಗುಂಯ್ ಅನ್ನುತ್ತದೆ, ಆದರೆ ಶುರುವಾಗುವುದಿಲ್ಲ. ಇದರ ಬೆಲೆಗೂ ಕಂಪ್ರೆಸರ್ ಬೆಲೆಗೂ ಹೋಲಿಕೆಯೇ ಇಲ್ಲ. ಮೀಟರ್ ಹಿಡಿದು ಕೆಪಾಸಿಟರ್ ಪರೀಕ್ಷಿಸದೆ ಕಂಪ್ರೆಸರ್ ಮೇಲೆ ತಪ್ಪು ಹೊರಿಸಿದರೆ ಒಪ್ಪಬೇಡಿ. ಆದರೆ ನೀವೇ ಬಿಚ್ಚಲು ಹೋಗಬೇಡಿ. ಕರೆಂಟ್ ತೆಗೆದ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರುತ್ತದೆ, ಶಾಕ್ ಹೊಡೆಯುತ್ತದೆ.

ಹಾಗಾದರೆ ಹೊಸದು ತೆಗೆದುಕೊಳ್ಳುವುದು ಯಾವಾಗ? ಯಂತ್ರಕ್ಕೆ 10-15 ವರ್ಷ ಆಗಿದ್ದು, ಕಂಪ್ರೆಸರ್ ನಿಜವಾಗಿಯೂ ಹೋಗಿದ್ದರೆ ಅಥವಾ ಕಾಯಿಲ್ ಹಲವು ಕಡೆ ತೂತು ಬಿದ್ದಿದ್ದರೆ ರಿಪೇರಿಗೆ ದುಡ್ಡು ಸುರಿಯಬೇಡಿ. ಅದರೊಳಗೆ ಯಾವ ಗ್ಯಾಸ್ ಇದೆ ಅನ್ನುವುದನ್ನೂ ನೋಡಿ, ಯಂತ್ರದ ಮೇಲಿನ ಸ್ಟಿಕ್ಕರ್‌ನಲ್ಲಿ ಬರೆದಿರುತ್ತದೆ. ಹಳೇ ಆರ್-22 ಓಝೋನ್ ಪದರಕ್ಕೆ ಕೆಡುಕು ಮಾಡುತ್ತದೆ. 1987ರ ಮಾಂಟ್ರಿಯಲ್ ಒಪ್ಪಂದದ ದಾರಿಯಲ್ಲಿ ಜಗತ್ತು ಅದನ್ನು ಕೈಬಿಡುತ್ತಾ ಬಂದಿದೆ. ಅದರ ನಂತರ ಬಂದ ಆರ್-410ಎ ಓಝೋನಿಗೆ ಏನೂ ಮಾಡುವುದಿಲ್ಲ. ಆದರೆ ಗಾಳಿಗೆ ಸೇರಿದರೆ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 2,000 ಪಟ್ಟು ಜಾಸ್ತಿ ಭೂಮಿಯನ್ನು ಬಿಸಿ ಮಾಡುತ್ತದೆ. ಈಗಿನ ಆರ್-32ರಲ್ಲಿ ಅದು ಮೂರನೇ ಒಂದರಷ್ಟು. ಒಂದು ಗ್ಯಾಸಿನ ಯಂತ್ರಕ್ಕೆ ಇನ್ನೊಂದನ್ನು ತುಂಬಲು ಬಿಡಬೇಡಿ. ಒತ್ತಡ ಬೇರೆ, ಎಣ್ಣೆ ಬೇರೆ. ಹಳೇ ಯಂತ್ರ ಬಿಚ್ಚುವಾಗ ಪೈಪ್ ಕತ್ತರಿಸಿ ಗ್ಯಾಸನ್ನು ಸುಮ್ನೆ ಗಾಳಿಗೆ ಬಿಡುವವರಿದ್ದಾರೆ. ಸಿಲಿಂಡರ್‌ಗೆ ವಾಪಸ್ ಎಳೆದುಕೊಳ್ಳಿ ಅಂತ ಗಟ್ಟಿಯಾಗಿ ಹೇಳಿ.

ಎಷ್ಟು ಟನ್ನಿನದು ಬೇಕು ಅನ್ನುವುದು ಮುಂದಿನ ಮಾತು. ಒಂದು ಟನ್ ಅಂದರೆ ಗಂಟೆಗೆ 12,000 ಬಿಟಿಯು (ಶಾಖ ಅಳೆಯುವ ಒಂದು ಮಾನ), ಅಂದರೆ ಸುಮಾರು 3.5 ಕಿಲೋವ್ಯಾಟ್ ಶಾಖ ಹೊರಹಾಕುವ ಶಕ್ತಿ. ದೊಡ್ಡದಿದ್ದರೆ ಒಳ್ಳೆಯದೇ ಅಲ್ವಾ ಅನ್ನಿಸುತ್ತದೆ. ಹಾಗಲ್ಲ. ಕೋಣೆಗೆ ಜಾಸ್ತಿಯಾದ ಎಸಿ ಗಬಕ್ಕನೆ ತಣ್ಣಗೆ ಮಾಡಿ ನಿಂತುಬಿಡುತ್ತದೆ, ಗಾಳಿಯ ತೇವ ಹಿಂಡಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಕೋಣೆ ತಣ್ಣಗಿದ್ದೂ ಮೈ ಜಿಗುಟು ಜಿಗುಟು. 1902ರಲ್ಲಿ ಅಮೆರಿಕದ ಎಂಜಿನಿಯರ್ ವಿಲ್ಲಿಸ್ ಕ್ಯಾರಿಯರ್ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕಾಗಿ ಎಸಿಯ ಮೊದಲ ರೂಪವನ್ನು ರೂಪಿಸಿದ್ದೇ ತೇವ ತಗ್ಗಿಸಲಿಕ್ಕೆ. ಅಲ್ಲಿ ಗಾಳಿಯ ತೇವ ಏರಿಳಿದಂತೆ ಕಾಗದ ಹಿಗ್ಗಿ ಕುಗ್ಗಿ, ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ.

ಅಳತೆ ನಿರ್ಧರಿಸುವ ಮೊದಲು ಮನೆಗೆ ಬಿಸಿ ಎಲ್ಲಿಂದ ಬರುತ್ತಿದೆ ನೋಡಿ. ಕಾದ ತಾರಸಿ, ಪಡುವಣ ಬಿಸಿಲು ಬೀಳುವ ಕಿಟಕಿ, ಬಾಗಿಲ ಸಂದಿ. ಅವನ್ನು ಸರಿಮಾಡಿದರೆ ಸಣ್ಣ ಯಂತ್ರವೇ ಸಾಕಾಗಬಹುದು.

ಚಳಿ ಇರುವ ಕಡೆಯವರಿಗೂ ಎರಡು ಮಾತು. ಹೀಟ್ ಪಂಪ್ ಅನ್ನುವುದು ಇದೇ ಯಂತ್ರ. ಒಂದು ವಾಲ್ವ್ ಗ್ಯಾಸಿನ ದಿಕ್ಕು ತಿರುಗಿಸುತ್ತದೆ, ಹೊರಗಿನ ಶಾಖ ಒಳಗೆ ಬರುತ್ತದೆ. ಸಾಧಾರಣ ಚಳಿಯಲ್ಲಿ ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಶಾಖ ಸಿಗುತ್ತದೆ. ಕಾಯಿಲ್ ಕಾಯಿಸುವ ಮಾಮೂಲಿ ಹೀಟರ್ ಕೊಡುವುದು ಒಂದಕ್ಕೆ ಒಂದೇ. ಚಳಿಯಲ್ಲಿ ಹೊರಗಿನ ಯೂನಿಟ್ ಆಗಾಗ ನಿಂತು ಹಬೆಯಾಡಿದರೆ ಗಾಬರಿ ಬೇಡ, ಅದು ತನ್ನ ಮೇಲಿನ ಹಿಮ ಕರಗಿಸಿಕೊಳ್ಳುತ್ತಿರುತ್ತದೆ.

ಇಂಧನವಾಗಿ ಗ್ಯಾಸ್ ಅಥವಾ ಎಣ್ಣೆ ಉರಿಸಿ ಮನೆ ಬಿಸಿ ಮಾಡುವ ಫರ್ನೇಸ್ ವಿಷಯ ಬೇರೆ. ಅದರೊಳಗಿನ ಹೀಟ್ ಎಕ್ಸ್‌ಚೇಂಜರ್, ಅಂದರೆ ಹೊಗೆಯನ್ನು ತಡೆದು ಶಾಖ ಮಾತ್ರ ಮನೆಯ ಗಾಳಿಗೆ ದಾಟಿಸುವ ಲೋಹದ ಗೋಡೆ, ಬಿರುಕು ಬಿಟ್ಟರೆ ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೆ ಬರಬಹುದು. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಜೀವ ತೆಗೆಯುತ್ತದೆ. ಮಲಗುವ ಕೋಣೆಗಳ ಹತ್ತಿರ ಅದರ ಅಲಾರಂ ಇರಲೇಬೇಕು. ಬಿರುಕು ಕಂಡ ದಿನವೇ ಫರ್ನೇಸ್ ನಿಲ್ಲಿಸಿ. ಈ ಒಂದು ವಿಷಯದಲ್ಲಿ ದುಡ್ಡಿನ ಲೆಕ್ಕ ಬೇಡ.

ಕೊನೆಗೆ, ಹೊಸ ಎಸಿ ಕೂರಿಸುವ ದಿನ ಹತ್ತಿರವೇ ನಿಂತಿರಿ. ಪೈಪ್ ಜೋಡಿಸಿದ ಮೇಲೆ ಅದರೊಳಗಿನ ಗಾಳಿ ಮತ್ತು ತೇವವನ್ನು ವ್ಯಾಕ್ಯೂಮ್ ಪಂಪ್ ಹಚ್ಚಿ ಹೊರಗೆ ಎಳೆಯಬೇಕು. ತೇವ ಉಳಿದರೆ ಅದು ಗ್ಯಾಸ್, ಎಣ್ಣೆ ಜೊತೆ ಸೇರಿ ಆಮ್ಲವಾಗಿ, ನಿಧಾನಕ್ಕೆ ಕಂಪ್ರೆಸರ್ ತಿನ್ನುತ್ತದೆ. ಆತುರದಲ್ಲಿ ಪಂಪ್ ಹಚ್ಚದೆ ಗ್ಯಾಸಿನಿಂದಲೇ ಗಾಳಿ ತಳ್ಳಿ ಮುಗಿಸುವವರೂ ಇದ್ದಾರೆ. ಪೈಪಿನೊಳಗೆ ಉಳಿದ ಒತ್ತಡ ತೋರಿಸುವ ಮೈಕ್ರಾನ್ ಗೇಜ್ 500ಕ್ಕೆ ಇಳಿಯಬೇಕು, ಪಂಪ್ ನಿಲ್ಲಿಸಿದ ಮೇಲೂ ಅದು ಸರ್ರನೆ ಮೇಲೇರಬಾರದು. ಏರಿದರೆ ಎಲ್ಲೋ ಜಾಯಿಂಟ್ ಸಡಿಲ, ಇಲ್ಲವೇ ಒಳಗೆ ಇನ್ನೂ ತೇವ ಇದೆ ಅಂತ. ಅದನ್ನು ಆ ದಿನವೇ ಸರಿ ಮಾಡಿಸಿ. ಯಾವ ಗ್ಯಾಸ್, ಎಷ್ಟು ಗ್ರಾಂ ಅಂತ ತಾರೀಖಿನ ಸಮೇತ ಯೂನಿಟ್ ಮೇಲೆ ಬರೆಸಿಕೊಳ್ಳಿ. ಮುಂದೆ ಗೇಜ್ ಹಿಡಿದು ಬರುವ ಮೆಕ್ಯಾನಿಕ್‌ಗೆ ಆ ಒಂದು ಸಾಲು ಬಹಳ ಸಹಾಯ ಮಾಡುತ್ತದೆ.

ನಮಸ್ಕಾರ.